ಒಂದು ಕೈ ದಾಟಿದ ದೋಣಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ದೋಣಿ ಕೊಂಡು ನೋಡು ಎಂದು ಮಾತ್ರ ಸೇರಿಸಲಿಲ್ಲ. ವಿಹಾರಕ್ಕೆಂದು ದೋಣಿ ಕೊಳ್ಳುವ ಮಂದಿ ಅವರ ಕಣ್ಣಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ. ನಾನು ಹುಟ್ಟಿ ಬೆಳೆದ ಕುಂದಾಪುರದ ಕಡೆ ದೋಣಿಯೆಂದರೆ ಮೀನು, ಮೀನೆಂದರೆ ಸಂಸಾರ. ಹೊಳೆಯಾಚೆಯ ಗಂಗೊಳ್ಳಿಯಲ್ಲಿ ಹೊಸ ದೋಣಿ ನೀರಿಗಿಳಿಯುವ ದಿನ ಹೂವು, ಕಾಯಿ, ಕರ್ಪೂರ ಎಲ್ಲ ಇರುತ್ತಿತ್ತು. ಆದರೆ ಸುಮ್ಮನೆ ಗಾಳಿ ಸೇವಿಸಲು ದೋಣಿ ಇಟ್ಟುಕೊಳ್ಳುವ ಮಾತನ್ನು ಅಲ್ಲಿ ಯಾರಾದರೂ ಆಡಿದ್ದರೆ, ತಲೆ ಸರಿಯಿದೆಯೇ ಎಂದು ಕೇಳುತ್ತಿದ್ದರು.

ಅಂಥ ಊರಿನಿಂದ ಬಂದ ನಾನು ಮದುವೆಯಾಗಿ ನೆಲೆಸಿದ್ದು ಇಂಗ್ಲೆಂಡಿನ ದಕ್ಷಿಣ ತೀರದ ಸೌತಾಂಪ್ಟನ್ನಿನಲ್ಲಿ. ಇಲ್ಲಿನ ಸಮುದ್ರವೂ ವಿಚಿತ್ರ. ಎದುರಿಗೆ ವೈಟ್ ದ್ವೀಪ, ನಡುವೆ ಸೊಲೆಂಟ್ ಎಂಬ ಜಲಸಂಧಿ. ಭರತದ ನೀರು ಒಮ್ಮೆ ಏರಿ, ಕೊಂಚ ಇಳಿದಂತೆ ಮಾಡಿ, ಮತ್ತೆ ಏರುತ್ತದೆ. ಪಕ್ಕದ ಹ್ಯಾಂಬಲ್ ನದಿಯಲ್ಲಿ ಹಾಯಿಗಂಬಗಳು ಅಡಿಕೆ ತೋಟದ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಇವೆಲ್ಲ ಲಕ್ಷಾಧೀಶರ ಸ್ವತ್ತು ಎಂದು ಮೊದಲು ತಿಳಿದಿದ್ದೆ. ವಿಚಾರಿಸಿದಾಗ ಅವುಗಳ ಒಡೆಯರಲ್ಲಿ ನಿವೃತ್ತ ಅಂಚೆಯವರು, ಶಾಲಾ ಮಾಸ್ತರರು, ಬಡಗಿಗಳು ಎಲ್ಲರೂ ಇದ್ದರು. ಹಳೆಯ ದೋಣಿಯನ್ನು ಹಳೆಯ ಸೈಕಲ್ಲಿನಂತೆ ತಾವೇ ರಿಪೇರಿ ಮಾಡಿಕೊಂಡು ಬಳಸುವವರು.

ನಾನು ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನಮ್ಮವರು ಆಸ್ಪತ್ರೆಯಲ್ಲಿ ವೈದ್ಯರು. ಮಗಳು ಶಾಲೆಯ ಕ್ಲಬ್ಬಿನಲ್ಲಿ ಪುಟ್ಟ ಹಾಯಿದೋಣಿ ನಡೆಸಲು ಕಲಿತಳು. ಅವಳಿಂದ ಆ ಹುಚ್ಚು ಅಪ್ಪನಿಗೆ ಹತ್ತಿತು, ಅಪ್ಪನಿಂದ ಅವರ ಸಹೋದ್ಯೋಗಿ ಒಬ್ಬರಿಗೆ. 2018ರ ಬೇಸಿಗೆಯ ಹೊತ್ತಿಗೆ ಎರಡು ಮನೆಯವರೂ ಸೇರಿ 34 ಅಡಿಯ ಹಾಯಿದೋಣಿಯೊಂದನ್ನು ಅರ್ಧರ್ಧ ಪಾಲಿಗೆ ಕೊಳ್ಳುವ ಮಾತು ಗಟ್ಟಿಯಾಯಿತು. ಒಳಗೆ ಮಲಗಲು ಮೂರು ಕೋಣೆ, ಅಡುಗೆಗೆ ಒಲೆ, ಸಣ್ಣ ಎಂಜಿನ್ ಇರುವ ದೋಣಿ. ಉಳಿದದ್ದು ಒಂದೇ ಪ್ರಶ್ನೆ: ಕಾರ್ಖಾನೆಯಿಂದ ಹೊಸದಾಗಿ ಬಂದದ್ದೋ, ಅಥವಾ ಮೂರು ನಾಲ್ಕು ವರ್ಷ ಓಡಿದ್ದೋ?

ಆ ಪ್ರಶ್ನೆ ನಮ್ಮ ಮನೆಯಲ್ಲಿ ಬರೀ ದೋಣಿಯದಾಗಿರಲಿಲ್ಲ. ಮಗಳು ಮುಂದಿನ ವರ್ಷವೇ ಎಂಜಿನಿಯರಿಂಗ್ ಓದಲು ವಿಶ್ವವಿದ್ಯಾಲಯ ಸೇರುವವಳು. ಆಗ ಇಂಗ್ಲೆಂಡಿನಲ್ಲಿ ಇಲ್ಲಿಯ ವಿದ್ಯಾರ್ಥಿಗಳಿಗೆ ವರ್ಷದ ಶುಲ್ಕದ ಮಿತಿ 9,250 ಪೌಂಡು. ಸಾಲ ಸಿಗುತ್ತದೆ, ನಿಜ. ಆದರೆ ಮಗಳ ಹೆಗಲ ಮೇಲೆ ಸಾಲ ಹೊರಿಸಿ ಅಪ್ಪ ಹೊಸ ದೋಣಿ ಹತ್ತುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಆದ್ದರಿಂದ ನಾನೊಂದು ಷರತ್ತು ಹಾಕಿದೆ. ದೋಣಿ ಯಾವುದೇ ಆಗಲಿ, ಅದರ ಲೆಕ್ಕವನ್ನು ಮಕ್ಕಳು ಬರೆಯಬೇಕು. ಹದಿನೇಳರ ಮಗಳು, ಹದಿಮೂರರ ಮಗ ಇಬ್ಬರೂ ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹೊಸದು, ಬಲಕ್ಕೆ ಬಳಸಿದ್ದು ಎಂದು ಎರಡು ಅಂಕಣ ಹಾಕಬೇಕು. ನೋಟ್‌ಬುಕ್ ಏನು ಹೇಳುತ್ತದೋ ಅದನ್ನು ದೊಡ್ಡವರು ಕೇಳಬೇಕು.

ಲೆಕ್ಕಕ್ಕೆ ಮೊದಲು ಇಂಥ ದೋಣಿಗಳು ಹೇಗೆ ಹುಟ್ಟುತ್ತವೆ ಎಂದು ತಿಳಿಯಬೇಕು. ಹಿಂದೆ ಹಾಯಿದೋಣಿಯನ್ನು ಮರದಲ್ಲಿ ಒಂದೊಂದಾಗಿ ಕಟ್ಟುತ್ತಿದ್ದರು. ಕಳೆದ ಶತಮಾನದ ಐವತ್ತರ ದಶಕದಲ್ಲಿ ಗಾಜಿನ ನಾರು ಮತ್ತು ರಾಳ ಸೇರಿಸಿ ಅಚ್ಚಿನಲ್ಲಿ ದೋಣಿ ಎರೆಯುವ ವಿಧಾನ ಬಂತು. ಅಮೆರಿಕದ ಟ್ರೈಟನ್ ಎಂಬ 28 ಅಡಿಯ ದೋಣಿ 1959ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಕಾಣಿಸಿಕೊಂಡು, ಮುಂದೆ 700ಕ್ಕೂ ಹೆಚ್ಚು ಮಾರಾಟವಾಯಿತು. ನಮ್ಮಲ್ಲಿ ಇಡ್ಲಿ ಎರೆದ ಹಾಗೆಯೇ: ಅಚ್ಚು ಒಂದೇ, ದೋಣಿ ನೂರಾರು. ಫ್ರಾನ್ಸಿನ ಬೆನೆಟೋ 1884ರಲ್ಲಿ ಮೀನುಗಾರರಿಗೆ ದೋಣಿ ಕಟ್ಟಲು ಹುಟ್ಟಿದ ಮನೆತನದ ಕಾರ್ಖಾನೆ. ಅದು ವಿಹಾರದ ದೋಣಿಗಳ ಕಡೆ ತಿರುಗಿದ್ದು ಅರವತ್ತರ ದಶಕದಲ್ಲಿ. ಜರ್ಮನಿಯ ಬವೇರಿಯಾ ಕಾರ್ಖಾನೆ ಇರುವುದು ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ, ಗೀಬೆಲ್‌ಸ್ಟಾಟ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಂದ ದೋಣಿಗಳು ಲಾರಿಯ ಮೇಲೆ ಕಡಲಿಗೆ ಪ್ರಯಾಣ ಮಾಡುತ್ತವೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ನಾವೆಲ್ಲ ಮೇಫ್ಲವರ್ ಪಾರ್ಕಿನ ಸೌತಾಂಪ್ಟನ್ ದೋಣಿ ಪ್ರದರ್ಶನಕ್ಕೆ ಹೋದೆವು. 1969ರಿಂದ ನಡೆದು ಬಂದ ಜಾತ್ರೆ ಅದು. ಹೊಸ ದೋಣಿ ಹತ್ತುವಾಗ ಚಪ್ಪಲಿ ಕಳಚಬೇಕು, ದೇವಸ್ಥಾನದ ಹಾಗೆ. ಒಳಗೆ ಕಾಲಿಟ್ಟರೆ ರಾಳದ, ಹೊಸ ಮರದ, ಹೊಸ ಮೆತ್ತೆಯ ಪರಿಮಳ. ನಮ್ಮವರ ಮುಖ ನೋಡಿದೆ. ಕೊಂಡಾಯಿತು ಎಂದೇ ಅನ್ನಿಸಿತು. ಮಗಳು ಮಾತ್ರ ಮಾರಾಟದವರ ಮುಂದೆ ಕೂತು ಕೇಳಿದಳು: ‘ಈ ಬೆಲೆಗೆ ಇಲ್ಲಿಂದಲೇ ಹಾಯಿ ಬಿಚ್ಚಿ ಹೊರಡಬಹುದೇ?’

ಹೊರಡಲಾಗದು ಎಂದು ತಿಳಿಯಿತು. ಫಲಕದ ಮೇಲಿನ ಬೆಲೆ ಬರೀ ಮೂಲ ದೋಣಿಯದು. ಅದರ ಮೇಲೆ ಶೇ. 20 ವ್ಯಾಟ್. ಕಾರ್ಖಾನೆಯಿಂದ ಇಲ್ಲಿಗೆ ತರುವ ಖರ್ಚು. ಹಾಯಿಗಂಬ ನಿಲ್ಲಿಸಿ, ತಂತಿ ಬಿಗಿದು, ನೀರಿಗಿಳಿಸುವ ಖರ್ಚು. ತಳಕ್ಕೆ ಪಾಚಿ, ಚಿಪ್ಪು ಹಿಡಿಯದಂತೆ ಬಳಿಯುವ ಬಣ್ಣ. ಲಂಗರು, ಅದರ ಸರಪಳಿ, ಕಟ್ಟುವ ಹಗ್ಗ, ಪಕ್ಕಕ್ಕೆ ತೂಗುಬಿಡುವ ಗಾಳಿಚೀಲಗಳು. ಆಳ ಅಳೆಯುವ ಯಂತ್ರ, ರೇಡಿಯೋ, ನಕ್ಷೆ ತೋರಿಸುವ ಪರದೆ. ಜೀವರಕ್ಷಕ ಅಂಗಿಗಳು, ತುರ್ತಿಗೆ ಬಿಚ್ಚಿಕೊಳ್ಳುವ ತೆಪ್ಪ. ಮಗಳ ಎಡ ಅಂಕಣ ಒಂದು ಪುಟ ದಾಟಿ ಎರಡನೆಯದಕ್ಕೆ ಇಳಿಯಿತು. ಮೂಲಬೆಲೆಯನ್ನು ನೂರು ಎಂದಿಟ್ಟುಕೊಂಡರೆ, ನಾವು ನೋಡಿದ ದೋಣಿ ಸಮುದ್ರಕ್ಕೆ ಸಿದ್ಧವಾಗುವ ಹೊತ್ತಿಗೆ ನೂರೈವತ್ತರ ಹತ್ತಿರ ಬಂದಿತ್ತು. ಮದುವೆ ಛತ್ರದ ಬಾಡಿಗೆ ಕೇಳಿ ಖುಷಿಪಟ್ಟವರು ಆಮೇಲೆ ಪಾತ್ರೆ, ದೀಪ, ನೀರು, ಕಸ ಎಂದು ಒಂದೊಂದಕ್ಕೂ ತೆತ್ತ ಹಾಗೆ.

ಹಾಗೆಂದು ಹೊಸ ದೋಣಿಯನ್ನು ತೆಗೆದುಹಾಕುವಂತಿಲ್ಲ. ಅದರ ಅನುಕೂಲಗಳನ್ನೂ ಮಕ್ಕಳು ಪ್ರಾಮಾಣಿಕವಾಗಿ ಬರೆದುಕೊಂಡರು. ಕೋಣೆ ಎರಡು ಬೇಕೋ ಮೂರು ಬೇಕೋ, ಕೀಲ್ ಆಳದ್ದೋ ಗಿಡ್ಡದ್ದೋ ನಾವೇ ಆರಿಸಬಹುದು. ತಯಾರಕರ ಭರವಸೆ ಕೆಲವು ವರ್ಷ ಇರುತ್ತದೆ. ಎಂಜಿನ್, ಹಾಯಿ, ತಂತಿಗಳಿಗೆ ತಕ್ಷಣ ಕೈ ಹಾಕಬೇಕಾಗಿಲ್ಲ. ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುವುದು ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಯಾರೋ ಬಂಡೆಗೆ ಗುದ್ದಿ ಮುಚ್ಚಿಟ್ಟಿರಬಹುದು ಎಂಬ ಅನುಮಾನಕ್ಕೆ ಎಡೆಯಿಲ್ಲ.

ಇದಕ್ಕೆ ಉತ್ತರವಾಗಿ ಪಕ್ಕದ ಮನೆಯ ಅಜ್ಜ ಒಂದು ಮಾತು ಹೇಳಿದರು. ನಲವತ್ತು ವರ್ಷ ಹಾಯಿ ಏರಿಸಿ ಇಳಿಸಿದ ಕೈ ಅವರದು. ‘ಹೊಸ ದೋಣಿಯ ಮೊದಲ ವರ್ಷ ಒಡೆಯನೇ ಕಾರ್ಖಾನೆಯ ಪರೀಕ್ಷಕ’ ಎಂದರು. ಯೋಚಿಸಿ ನೋಡಿದರೆ ಸರಿ. ಕಾರುಗಳನ್ನು ಲಕ್ಷಗಟ್ಟಲೆ ಮಾಡುತ್ತಾರೆ. ಒಂದೇ ತಪ್ಪು ಸಾವಿರ ಕಡೆ ಕಾಣಿಸಿಕೊಂಡು ಬೇಗ ತಿದ್ದುಪಡಿಯಾಗುತ್ತದೆ. ದೋಣಿಗಳು ನೂರರ ಲೆಕ್ಕದಲ್ಲಿ ಹುಟ್ಟುತ್ತವೆ. ಒಳಗಿನ ನೀರಿನ ಕೊಳವೆ, ವಿದ್ಯುತ್ ತಂತಿ, ಕಿಟಕಿಯ ಅಂಟು ಇವೆಲ್ಲ ಬಹುಮಟ್ಟಿಗೆ ಕೈಕೆಲಸ. ಗಂಬ, ಯಂತ್ರಗಳನ್ನು ಕೂಡಿಸುವುದು ಕಾರ್ಖಾನೆ ಬಿಟ್ಟ ಮೇಲೆ, ಇನ್ನೊಂದು ಊರಿನಲ್ಲಿ, ಇನ್ನೊಬ್ಬರ ಕೈಯಲ್ಲಿ. ನಮ್ಮ ಪರಿಚಯದವರೊಬ್ಬರು ಹಿಂದಿನ ವರ್ಷ ಹೊಸ ದೋಣಿ ಕೊಂಡಿದ್ದರು. ಒಂದು ಕಿಟಕಿಯಲ್ಲಿ ಸೋರಿಕೆ, ಬ್ಯಾಟರಿ ತುಂಬಿಕೊಳ್ಳದಿರುವುದು, ಶೌಚದ ಪಂಪು ಹಿಮ್ಮುಖವಾಗಿ ಕೂತಿದ್ದು, ಹೀಗೆ ಅವರ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ದೂರುಗಳಿದ್ದವು. ಯಾವುದೂ ಪ್ರಾಣಕ್ಕೆ ಸಂಚಕಾರವಲ್ಲ. ಮಾರಿದವರು ಎಲ್ಲವನ್ನೂ ಖರ್ಚಿಲ್ಲದೆ ಸರಿಪಡಿಸಿದರು ಕೂಡ. ಆದರೆ ಇಂಗ್ಲೆಂಡಿನ ಬೇಸಿಗೆ ಚಿಕ್ಕದು. ರಿಪೇರಿಯವರ ದಾರಿ ಕಾಯುವುದರಲ್ಲೇ ಅವರ ಜೂನ್, ಜುಲೈ ಕಳೆದುಹೋದವು.

ಇಂಥ ಬಾಲಗ್ರಹಗಳೆಲ್ಲ ಮೊದಲ ಒಡೆಯನ ಕಾಲದಲ್ಲೇ ತೀರಿಹೋಗಿರುವುದು ಬಳಸಿದ ದೋಣಿಯ ದೊಡ್ಡ ಲಾಭ. ಲಂಗರು, ಪರದೆ, ತೆಪ್ಪ ಎಂದು ಆತ ಸೇರಿಸಿದ ಸಾಮಾನಿಗೆ ಮಾರುವಾಗ ಪೂರಾ ಬೆಲೆ ಸಿಗುವುದಿಲ್ಲ. ಅವು ಹೆಚ್ಚುಕಡಿಮೆ ದೋಣಿಯ ಜೊತೆಗೇ ಬರುತ್ತವೆ. ಖಾಸಗಿ ಒಡೆಯನಿಂದ ಕೊಂಡರೆ ಮತ್ತೆ ವ್ಯಾಟ್ ಕಟ್ಟಬೇಕಾಗಿಲ್ಲ. ಬೆಲೆ ಅತಿ ವೇಗವಾಗಿ ಇಳಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಆ ಇಳಿತದ ನಷ್ಟ ಮೊದಲನೆಯವನ ಪಾಲಿಗೆ ಹೋಗಿರುತ್ತದೆ. ಮಗಳ ನೋಟ್‌ಬುಕ್ಕಿನ ಎರಡು ಅಂಕಣಗಳ ವ್ಯತ್ಯಾಸದಲ್ಲಿ ನಮ್ಮ ಅರ್ಧಪಾಲನ್ನು ತೆಗೆದು ನೋಡಿದರೆ ಅವಳ ಎರಡು ವರ್ಷದ ಶುಲ್ಕಕ್ಕಿಂತ ಹೆಚ್ಚಿತ್ತು. ನಮ್ಮವರು ಆ ಸಂಖ್ಯೆಯನ್ನು ಬಹಳ ಹೊತ್ತು ನೋಡಿ, ‘ಸರಿ, ಬಳಸಿದ್ದನ್ನೇ ಹುಡುಕೋಣ’ ಎಂದರು.

ಆದರೆ ಬಳಸಿದ್ದು ಎಂಬ ಒಂದೇ ಮಾತಿನಲ್ಲಿ ಹಲವು ಬಗೆ ಇವೆ. ವಾರಾಂತ್ಯಕ್ಕಷ್ಟೇ ಹೊರಡುತ್ತಿದ್ದ ಒಂದು ಕುಟುಂಬದ ದೋಣಿಯೇ ಬೇರೆ. ಗ್ರೀಸಿನಲ್ಲೋ ಕ್ರೊಯೇಷಿಯಾದಲ್ಲೋ ವಾರಕ್ಕೊಬ್ಬರಿಗೆ ಬಾಡಿಗೆ ಹೋಗಿ ಐದಾರು ವರ್ಷಕ್ಕೆ ಮಾರಾಟಕ್ಕೆ ಬರುವ ದೋಣಿಯೇ ಬೇರೆ. ಎರಡನೆಯದು ಅಗ್ಗ. ಆದರೆ ಎಂಜಿನ್ ಓಡಿದ ಗಂಟೆಗಳ ಮೀಟರ್ ನೋಡಿದರೆ ಅಗ್ಗದ ಕಾರಣ ತಿಳಿಯುತ್ತದೆ. ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ; ದೋಣಿ ಕೊಳ್ಳುವವನು ಈ ಮೀಟರ್ ನೋಡಬೇಕು.

ದೋಣಿಯ ವಯಸ್ಸು ಪತ್ತೆಹಚ್ಚುವ ಕೆಲಸ ಮಗನದು. ಯುರೋಪಿನಲ್ಲಿ 1998ರಿಂದ ಕಡ್ಡಾಯವಾದ ನಿಯಮದಂತೆ ಪ್ರತಿ ವಿಹಾರದೋಣಿಯ ಹಿಂಬದಿಯ ಬಲ ಮೂಲೆಯಲ್ಲಿ 14 ಅಕ್ಷರ ಅಂಕಿಗಳ ಒಂದು ಗುರುತು ಇರುತ್ತದೆ. ಕೊನೆಯ ನಾಲ್ಕರಲ್ಲಿ ಮೊದಲನೆಯದು ತಿಂಗಳ ಅಕ್ಷರ, ಎರಡನೆಯದು ತಯಾರಾದ ವರ್ಷದ ಕೊನೆಯ ಅಂಕಿ, ಉಳಿದೆರಡು ಮಾದರಿಯ ವರ್ಷ. ನಾವು ಮೊದಲು ನೋಡಿದ ದೋಣಿಯ ಜಾಹೀರಾತಿನಲ್ಲಿ 2016 ಎಂದಿತ್ತು. ಮಗ ಬಗ್ಗಿ ಓದಿದ: ಜೆ 415. ‘ಜೆ ಅಂದರೆ ಹತ್ತನೇ ಅಕ್ಷರ, ಅಕ್ಟೋಬರ್. 2014ರಲ್ಲಿ ಮಾಡಿದ್ದು ಅಮ್ಮಾ, ಮಾದರಿ ಮಾತ್ರ 2015ರದ್ದು’ ಎಂದ. ದಲ್ಲಾಳಿ ನಕ್ಕು, ದೋಣಿ ಮಾರಾಟವಾಗದೆ ಅಂಗಳದಲ್ಲಿ ನಿಂತಿತ್ತು, ನೀರಿಗಿಳಿದದ್ದು 2016ರಲ್ಲೇ ಎಂದರು. ಅದು ಸುಳ್ಳೇನೂ ಆಗಿರಲಿಲ್ಲ. ಆದರೆ ಗಂಬದ ತಂತಿಗೆ, ರಬ್ಬರಿಗೆ, ಬ್ಯಾಟರಿಗೆ ಜಾಹೀರಾತು ಓದಲು ಬರುವುದಿಲ್ಲ. ಅವುಗಳಿಗೆ ವಯಸ್ಸಾಗುವುದು ತಯಾರಾದ ದಿನದಿಂದ.

ದೋಣಿಗೆ ಹಾಕಿದ ತಯಾರಕರ ಫಲಕದಲ್ಲಿ ಎ, ಬಿ, ಸಿ, ಡಿ ಎಂಬ ದರ್ಜೆ ಇರುತ್ತದೆ. ಎ ಎಂದರೆ ಮಹಾಸಾಗರಕ್ಕೆ, ಬಿ ಎಂದರೆ ನಾಲ್ಕು ಮೀಟರ್‌ವರೆಗಿನ ಅಲೆಗೆ, ಸಿ ಎಂದರೆ ಎರಡು ಮೀಟರ್‌ವರೆಗಿನ ಅಲೆಗೆ, ಡಿ ಎಂದರೆ ಒಳನಾಡಿನ ಶಾಂತ ನೀರಿಗೆ. ಅದು ವಿನ್ಯಾಸದ ದರ್ಜೆ. ಇಂದು ಆ ದೋಣಿ ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೆ ಪ್ರಮಾಣಪತ್ರವಲ್ಲ. ಹುಟ್ಟಿನ ಜಾತಕ ನೋಡಿ ಇಂದಿನ ಜ್ವರ ಅಳೆಯಲಾಗುವುದೇ?

ಜ್ವರ ಅಳೆಯುವವನು ಸರ್ವೇಯರ್. ಇಲ್ಲಿನ ರೂಢಿಯಂತೆ ಕೊಳ್ಳುವವರು ಬೆಲೆಯ ಶೇ. 10 ಮುಂಗಡ ಕೊಟ್ಟು, ತಪಾಸಣೆ ಮತ್ತು ಸಮುದ್ರದ ಓಟ ತೃಪ್ತಿಕರವಾದರೆ ಮಾತ್ರ ಎಂಬ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಸರ್ವೇಯರಿಗೆ ಹಣ ಕೊಡುವವರು ನಾವು. ಆದ್ದರಿಂದ ಅವನ ನಿಷ್ಠೆ ದಲ್ಲಾಳಿಗಲ್ಲ, ನಮಗೆ. ಫೆಬ್ರವರಿಯ ಚಳಿಯಲ್ಲಿ ಆ ದೋಣಿಯನ್ನು ನೀರಿನಿಂದ ಮೇಲೆತ್ತಿದರು. ಸರ್ವೇಯರ್ ಪುಟ್ಟ ಸುತ್ತಿಗೆಯಿಂದ ತಳವನ್ನು ಅಂಗೈಯಗಲಕ್ಕೊಮ್ಮೆ ತಟ್ಟುತ್ತ ಹೋದ. ಗಟ್ಟಿ ಜಾಗದ ಸದ್ದು ಖಣಖಣ, ಪದರ ಬಿಟ್ಟ ಜಾಗದ್ದು ಬೊದ್ದು. ಮಾರುಕಟ್ಟೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ನನಗೆ ಆ ವಿದ್ಯೆ ಹೊಸದೆನಿಸಲಿಲ್ಲ. ಆಮೇಲೆ ತೇವ ಅಳೆಯುವ ಮೀಟರ್ ಹಿಡಿದ. ಕೊನೆಗೆ ಒಳಗೆ ಹೋಗಿ, ನೆಲದ ಹಲಗೆ ಎತ್ತಿ, ಕೀಲಿನ ಬೋಲ್ಟುಗಳ ಸುತ್ತ ಟಾರ್ಚು ಬಿಟ್ಟು ಬಹಳ ಹೊತ್ತು ಸುಮ್ಮನಾದ.

ಕೀಲ್ ಎಂದರೆ ದೋಣಿಯ ತಳದಲ್ಲಿ ರೆಕ್ಕೆಯಂತೆ ಇಳಿಬಿದ್ದ ಕಬ್ಬಿಣದ ತೂಕ. ಗಾಳಿ ಹಾಯಿಯನ್ನು ಪಕ್ಕಕ್ಕೆ ಒತ್ತಿದಾಗ ದೋಣಿ ಮಗುಚದಂತೆ ಹಿಡಿಯುವುದು ಇದೇ. ಈ ಕಾಲದ ಅಚ್ಚಿನ ದೋಣಿಗಳಲ್ಲಿ ಅದನ್ನು ತಳಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಭಾರ ಹಂಚಿಹೋಗಲೆಂದು ಒಳಗಡೆ ಚೌಕುಳಿಯಂಥ ಒಂದು ಚೌಕಟ್ಟನ್ನು ತಳಕ್ಕೆ ಅಂಟಿಸಿರುತ್ತಾರೆ. ಕೀಲಿನ ತುದಿ ಬಂಡೆಗೆ ತಗುಲಿದರೆ ಅದರ ಹಿಂಭಾಗ ಮೇಲಕ್ಕೆ ಒತ್ತಿ, ಆ ಚೌಕಟ್ಟು ಅಂಟು ಬಿಡಬಹುದು. ಹೊರಗಿನಿಂದ ನೋಡಿದರೆ ಸಣ್ಣ ತರಚು. ಅದಕ್ಕೆ ಬಣ್ಣ ಬಳಿದರೆ ಅದೂ ಇಲ್ಲ. ಸರ್ವೇಯರಿಗೆ ಕಂಡದ್ದು ಕೀಲಿನ ಹಿಂಬದಿಯ ಮೂಲೆಯಲ್ಲಿ, ಚೌಕಟ್ಟಿನ ಮೇಲೆ, ಕೂದಲೆಳೆಯಂಥ ಎರಡು ಬಿರುಕು. ಮಾರುವವರು ದೋಣಿ ನೆಲಕ್ಕೆ ತಗುಲಿದ ಮಾತನ್ನೇ ಎತ್ತಿರಲಿಲ್ಲ.

ಇದೇಕೆ ದೊಡ್ಡ ಮಾತು ಎಂದು ಕೇಳುವವರಿಗೆ ಒಂದು ನಿಜಸಂಗತಿ ಹೇಳಬೇಕು. 2014ರ ಮೇ ತಿಂಗಳಿನಲ್ಲಿ ಚೀಕಿ ರಫಿಕಿ ಎಂಬ ನಲವತ್ತಡಿಯ ಹಾಯಿದೋಣಿ ಕೆರಿಬಿಯನ್ನಿನ ಆಂಟಿಗುವಾದಿಂದ ಇದೇ ಸೌತಾಂಪ್ಟನ್ನಿಗೆ ಮರಳುತ್ತಿತ್ತು. ಅಟ್ಲಾಂಟಿಕ್ಕಿನ ನಡುವೆ ಅದರ ಕೀಲ್ ಕಳಚಿಹೋಗಿ ದೋಣಿ ಮಗುಚಿತು. ಅದರಲ್ಲಿದ್ದ ನಾಲ್ವರೂ ಹೋದರು. ಆಗ ಆ ದೋಣಿಗೆ ಎಂಟು ವರ್ಷ. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ 2015ರಲ್ಲಿ ಕೊಟ್ಟ ವರದಿಯಲ್ಲಿ, ಹಿಂದೆ ದೋಣಿ ನೆಲಕ್ಕೆ ತಗುಲಿದ್ದು ಮತ್ತು ಆಮೇಲಿನ ರಿಪೇರಿಗಳು ಒಟ್ಟಾಗಿ ಕೀಲ್ ಸೇರುವ ಜಾಗವನ್ನು ದುರ್ಬಲಗೊಳಿಸಿರಬಹುದು ಎಂದಿತ್ತು. ಸೌತಾಂಪ್ಟನ್ನಿನಲ್ಲಿ ಹಾಯಿ ಹಿಡಿದ ಯಾರೂ ಆ ನಾಲ್ವರನ್ನು ಮರೆತಿಲ್ಲ.

ಸರ್ವೇಯರ್ ವರದಿ ಬಂದ ಮರುದಿನ ದಲ್ಲಾಳಿಯ ಫೋನು ಬಂತು. ಮಾರುವವರು ಬೆಲೆಯಲ್ಲಿ ಚೆನ್ನಾಗಿಯೇ ಇಳಿಸುತ್ತಾರಂತೆ, ರಿಪೇರಿ ನಾವೇ ಮಾಡಿಸಿಕೊಳ್ಳಬೇಕಂತೆ. ಆ ಸಂಜೆ ನಮ್ಮ ಮನೆಯ ಊಟದ ಮೇಜಿನಲ್ಲಿ ಅನ್ನ ಆರಿಹೋಯಿತು. ಸಹೋದ್ಯೋಗಿಗೆ ಒಪ್ಪಿಗೆಯಿತ್ತು. ಸರಿಯಾದ ಕೈಯಲ್ಲಿ ಇಂಥ ರಿಪೇರಿ ಆಗುವುದೂ ಉಂಟು, ಅದೇನು ಅಸಾಧ್ಯದ ಮಾತಲ್ಲ. ನಮ್ಮವರು ಕೂಡ, ಇಷ್ಟು ಕಡಿಮೆ ಬೆಲೆಗೆ ಇನ್ನೊಂದು ಸಿಗಲಾರದು ಎಂದರು. ಆಗ ಮಗಳು ನೋಟ್‌ಬುಕ್ ಮುಚ್ಚಿ, ‘ಅಪ್ಪಾ, ಬೆಲೆ ಇಳಿಸಿದರೆ ಕೀಲ್ ಗಟ್ಟಿಯಾಗುತ್ತದಾ?’ ಎಂದಳು. ಸ್ವಲ್ಪ ತಡೆದು, ‘ಬಿರುಕಿಗಿಂತ ನನಗೆ ಅವರು ಹೇಳದೇ ಇದ್ದದ್ದೇ ಹೆದರಿಕೆ. ಇನ್ನೇನು ಹೇಳಿಲ್ಲವೋ!’ ಎಂದಳು. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಮುಂಗಡ ವಾಪಸಾಯಿತು. ಸರ್ವೇಯರನ ಶುಲ್ಕ, ದೋಣಿ ಎತ್ತಿಸಿದ ಖರ್ಚು ಹೋಯಿತು. ನೋಟ್‌ಬುಕ್ಕಿನ ಬಲ ಅಂಕಣದಲ್ಲಿ ಅದನ್ನೂ ಬರೆಯಲಾಯಿತು. ಆ ಶುಲ್ಕ ನಮಗೆ ಮಗಳ ಕಾಲೇಜಿನ ಮೊದಲ ಕಂತಿನಂತೆ ಕಂಡಿತು.

ಮೂರನೆಯ ತಿಂಗಳಲ್ಲಿ ಸಿಕ್ಕಿದ್ದು ಅದೇ ಉದ್ದದ, ನಾಲ್ಕು ವರ್ಷದ, 2015ರಲ್ಲಿ ತಯಾರಾದ ಇನ್ನೊಂದು. ಅದರ ಒಡೆಯರು ವಯಸ್ಸಾದ ದಂಪತಿಗಳು. ಅಜ್ಜನ ಮೊಣಕಾಲು ಕೈಕೊಟ್ಟಿದ್ದರಿಂದ ಮಾರುತ್ತಿದ್ದರು. ಅಜ್ಜಿ ಒಂದು ದಪ್ಪ ಫೈಲು ತಂದು ಮುಂದಿಟ್ಟರು. ಎಂಜಿನ್ ಎಣ್ಣೆ ಬದಲಿಸಿದ ಪ್ರತಿ ರಸೀದಿ, ಪ್ರತಿ ಚಳಿಗಾಲ ಹಾಯಿ ತೊಳೆಸಿದ ಬಿಲ್ಲು, ಮೊದಲ ವರ್ಷ ತಯಾರಕರಿಗೆ ಬರೆದ ದೂರುಗಳ ಪಟ್ಟಿ, ಒಂದೊಂದರ ಮುಂದೆಯೂ ಸರಿಯಾದ ತಾರೀಖು. ಒಮ್ಮೆ ಕೆಸರಿನ ಮೇಲೆ ಮೆಲ್ಲಗೆ ಕೂತದ್ದನ್ನು ಕೂಡ ಲಾಗ್ ಬುಕ್ಕಿನಲ್ಲಿ ಬರೆದು, ಆ ಚಳಿಗಾಲವೇ ಕೀಲ್ ಪರೀಕ್ಷೆ ಮಾಡಿಸಿದ ವರದಿಯನ್ನು ಜೊತೆಗೆ ಲಗತ್ತಿಸಿದ್ದರು. ಸರ್ವೇಯರನ ಸುತ್ತಿಗೆಗೂ ಏನೂ ಸಿಗಲಿಲ್ಲ.

ಮಗಳು ಮುಂದಿನ ಖರ್ಚಿನ ಪಟ್ಟಿ ಬರೆದಳು. ಗಂಬ ಹಿಡಿದ ಉಕ್ಕಿನ ತಂತಿಗಳನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕು, ವಿಮೆಯವರೂ ಕೇಳುತ್ತಾರೆ. ಎಂಜಿನ್ನಿನ ಕಾಲು ತಳ ತೂರಿ ಹೊರಹೋಗುವ ಜಾಗದ ರಬ್ಬರ್ ಪರದೆಗೆ ಏಳು ವರ್ಷ. ಅಂದರೆ 2022ಕ್ಕೆ ರಬ್ಬರು, 2025ಕ್ಕೆ ತಂತಿ. ಜೊತೆಗೆ ಪ್ರತಿ ವರ್ಷ ದೋಣಿ ಕಟ್ಟುವ ಜಾಗದ ಬಾಡಿಗೆ, ವಿಮೆ, ಮೇಲೆತ್ತಿ ಬಣ್ಣ ಬಳಿಯುವ ಖರ್ಚು. ದೋಣಿಯ ಬೆಲೆಯ ಹತ್ತನೇ ಒಂದು ಪಾಲನ್ನು ಪ್ರತಿ ವರ್ಷ ತೆಗೆದಿಡಬೇಕೆಂಬ ಮಾತು ಹಾಯಿಯವರಲ್ಲಿ ಇದೆ. ಹೊಸದಾದರೂ ಬಳಸಿದ್ದಾದರೂ ಈ ಖರ್ಚು ತಪ್ಪದು. ಕೊಳ್ಳುವ ಹಣವಷ್ಟನ್ನೇ ಹೊಂದಿಸಿಕೊಂಡವರು ದಡದಲ್ಲೇ ಉಳಿಯುತ್ತಾರೆ.

ಕಾಗದಪತ್ರದ ಕೆಲಸ ನಾನು ವಹಿಸಿಕೊಂಡೆ. ಮೊದಲ ಮಾರಾಟದಲ್ಲಿ ವ್ಯಾಟ್ ಕಟ್ಟಿದ ಮೂಲ ಬಿಲ್ಲು ಇದೆಯೇ? ದೋಣಿಯ ಮೇಲೆ ಸಾಲ ಉಳಿದಿದೆಯೇ? ಬ್ರಿಟನ್ನಿನಲ್ಲಿ ಸಣ್ಣ ದೋಣಿಗಳ ಸರಳ ನೋಂದಣಿಯೊಂದಿದೆ. ಅದು ಒಡೆತನಕ್ಕೆ ಸಾಕ್ಷಿಯಲ್ಲ. ಒಡೆತನ, ಸಾಲ ಎರಡೂ ದಾಖಲಾಗುವ ಹಳೆಯ ಪದ್ಧತಿಯ ನೋಂದಣಿ ಬೇರೆ. ಅದರಲ್ಲಿ ಪ್ರತಿ ಹಡಗನ್ನೂ 64 ಪಾಲು ಮಾಡುತ್ತಾರೆ. ಇದನ್ನು ಕೇಳಿ ನನಗೆ ಅಜ್ಜನ ಕಾಲದ ರೂಪಾಯಿ ನೆನಪಾಯಿತು: ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಒಟ್ಟು 64. ಎರಡು ಮನೆಗೂ 32ರಂತೆ ಬರೆಸಿದೆವು. ಎಂಟಾಣೆ ನಮ್ಮದು!

ನಾವು ಬಳಸಿದ್ದನ್ನು ಕೊಂಡೆವೆಂದು ಎಲ್ಲರೂ ಹಾಗೆಯೇ ಮಾಡಬೇಕೆಂದಲ್ಲ. ಹತ್ತು ಹದಿನೈದು ವರ್ಷ ಒಂದೇ ದೋಣಿಯನ್ನು ಇಟ್ಟುಕೊಳ್ಳುವವರಿಗೆ ಮೊದಲ ವರ್ಷಗಳ ಬೆಲೆಯಿಳಿತ ಅಷ್ಟಾಗಿ ನೋಯುವುದಿಲ್ಲ. ಅವರು ಹೊಸದನ್ನು ಕೊಳ್ಳುವುದೂ ನ್ಯಾಯವೇ. ನಡೆಯಲು ಕಷ್ಟವಾಗುವವರು, ಒಳಗಿನ ಜೋಡಣೆ ತಮಗೆ ತಕ್ಕಂತೆ ಬೇಕೆನ್ನುವವರು ಹೊಸದಕ್ಕೇ ಹೋಗಬೇಕು. ಆದರೆ ಕಟ್ಟುವ ಹಂತದಲ್ಲಿ ಕೊಟ್ಟ ಕಂತುಗಳಿಗೆ ಭದ್ರತೆ ಇದೆಯೇ ಎಂದು ಒಪ್ಪಂದ ಓದಿ ನೋಡಬೇಕು. ಕಾರ್ಖಾನೆ ದಿವಾಳಿಯಾದರೆ ಅರ್ಧ ದೋಣಿ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ. ಇನ್ನು ತೀರಾ ಹಳೆಯದು ಎಂದು ಮೂಗು ಮುರಿಯುವವರಿಗೆ ಗೋಲ್ಡನ್ ಗ್ಲೋಬ್ ಪಂದ್ಯದ ಉದಾಹರಣೆ ಸಾಕು. 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿಗಳಲ್ಲೇ ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಪಂದ್ಯ ಅದು. 2022ರಲ್ಲಿ ಹೊರಟ ಆ ಪಂದ್ಯದಲ್ಲಿ ದಕ್ಷಿಣ ಆಫ್ರಿಕದ ಕರ್ಸ್ಟೆನ್ ನೊಯ್‌ಶೇಫರ್ ಗೆದ್ದರು. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ 36 ಅಡಿಯ ರಸ್ಲರ್ ದೋಣಿಯಲ್ಲಿ 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು.

ಇದನ್ನು ಓದುವ ತಾಯಿತಂದೆಯರಲ್ಲಿ ಹಾಯಿದೋಣಿ ಕೊಳ್ಳುವವರು ಎಷ್ಟು ಮಂದಿ ಇದ್ದಾರೋ ಕಾಣೆ. ಆದರೆ ಕಾಲೇಜಿಗೆ ಹೊರಟ ಮಗನಿಗೆ ಸ್ಕೂಟರು, ಮಗಳಿಗೆ ಲ್ಯಾಪ್‌ಟಾಪು ಕೊಳ್ಳುವ ಮನೆ ಬಹಳ. ಹೊಸದೋ ಬಳಸಿದ್ದೋ ಎಂಬ ಚರ್ಚೆಯನ್ನು ಮಕ್ಕಳಿಗೆ ಕೇಳಿಸದಂತೆ ಒಳಕೋಣೆಯಲ್ಲಿ ಮುಗಿಸುವುದು ನಮ್ಮಲ್ಲಿ ವಾಡಿಕೆ. ಬದಲಿಗೆ ಕಾಗದ, ಪೆನ್ನು ಅವರ ಕೈಗೇ ಕೊಟ್ಟು ನೋಡಿ. ಫಲಕದ ಬೆಲೆ ಎಷ್ಟು, ಬಳಸಲು ಸಿದ್ಧವಾಗುವ ಹೊತ್ತಿಗೆ ಎಷ್ಟು, ಮೂರು ವರ್ಷದ ಮೇಲೆ ಮಾರಿದರೆ ಎಷ್ಟು ಬರುತ್ತದೆ, ಹಿಂದಿನವರು ಏಕೆ ಮಾರುತ್ತಿದ್ದಾರೆ, ಯಾವ ಭಾಗಕ್ಕೆ ಇನ್ನೆಷ್ಟು ಆಯುಸ್ಸು ಉಳಿದಿದೆ ಎಂಬ ಐದು ಸಾಲು ಬರೆಯಲಿ. ವಿದ್ಯಾರ್ಥಿಗಳೇ, ಆ ಐದರಲ್ಲಿ ನಾಲ್ಕಕ್ಕೆ ಎಂಟನೇ ತರಗತಿಯ ಗಣಿತ ಸಾಕು. ‘ಏಕೆ ಮಾರುತ್ತಿದ್ದಾರೆ’ ಎಂಬುದಕ್ಕೆ ಮಾತ್ರ ಗಣಿತ ಸಾಲದು. ಎದುರಿನವರ ಮುಖ ನೋಡಿ ಕೇಳಬೇಕು, ಅವರ ಕಾಗದ ಓದಬೇಕು, ಅನುಮಾನ ಉಳಿದರೆ ಎದ್ದು ಬರುವ ಧೈರ್ಯ ಬೇಕು. ಮುಂಗಡ ಕೊಟ್ಟಾಗಿದೆ, ಇಷ್ಟು ಓಡಾಡಿದ್ದೇವೆ ಎಂಬ ಕಾರಣಕ್ಕೆ ಬೇಡದ್ದನ್ನು ಕೊಳ್ಳಬೇಕಾಗಿಲ್ಲ.

ಊರಿನಿಂದ ಅಮ್ಮ ಫೋನಿನಲ್ಲಿ, ‘ಹೊಸ್ದಾ, ಹಳ್ದಾ ಮಗಾ?’ ಎಂದು ಕೇಳಿದಾಗ ನಾಲ್ಕು ವರ್ಷದ್ದು ಎಂದೆ. ‘ಹಂಗಾರೆ ತಟ್ಟಿ ನೋಡಿ ತಕಂಡ್ರಿಯಾ?’ ಎಂದರು. ತಟ್ಟಿಸಿಯೇ ಕೊಂಡೆವು ಎಂದು ಧೈರ್ಯವಾಗಿ ಹೇಳಿದೆ.

ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ರಬ್ಬರ್ ಪರದೆ 2022ರಲ್ಲಿ, ಗಂಬದ ತಂತಿಗಳು 2025ರಲ್ಲಿ, ಅವಳು ಬರೆದಿಟ್ಟ ವರ್ಷಕ್ಕೇ ಬದಲಾದವು. ಒಂದು ಚಳಿಗಾಲದ ಬಿರುಗಾಳಿಯಲ್ಲಿ ಪಕ್ಕದ ದೋಣಿ ಬಂದು ಒರಸಿ ನಮ್ಮದಕ್ಕೆ ತರಚಾದದ್ದನ್ನು ಮಗ ಚಿತ್ರ ಸಮೇತ ಫೈಲಿಗೆ ಸೇರಿಸಿದ. ಅದೇಕೆ, ಬಣ್ಣ ಬಳಿದಾಯಿತಲ್ಲ ಎಂದು ಸಹೋದ್ಯೋಗಿ ಕೇಳಿದರು. ‘ಮುಂದೆ ಕೊಳ್ಳಲು ಬರುವವರಿಗೆ ಬೇಕಾಗುತ್ತದೆ’ ಎಂದ ಅವನು. ಅಜ್ಜಿ ಕೊಟ್ಟ ಫೈಲು ಈಗ ಇನ್ನೂ ದಪ್ಪವಾಗಿದೆ. ಮುಂದೊಂದು ದಿನ ನಮ್ಮ ಮೊಣಕಾಲೂ ಮಾತು ಕೇಳದೇ ಹೋದಾಗ, ಯಾರದೋ ಮನೆಯ ಮಕ್ಕಳು ಅದನ್ನು ಮುಂದಿಟ್ಟುಕೊಂಡು ಓದಬಹುದು.